ಓದುಗರ ಪ್ರಶ್ನೆ, ವೈದ್ಯರ ಉತ್ತರ: ರಕ್ತ ತೆಳುಗೊಳಿಸುವ ಮಾತ್ರೆ ಮತ್ತು ಒಳಗಿನ ರಕ್ತಸ್ರಾವ

ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳಿಂದ ಈ ಮಳೆಗಾಲದಲ್ಲಿ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ವಿಷಯವನ್ನು ಸುತ್ತುತ್ತಿರುವುದರಿಂದ, ಈ ಸಂಚಿಕೆಯ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ. ‘ರಕ್ತ ತೆಳುಗೊಳಿಸುವ ಮಾತ್ರೆ’ ಎಂಬ ಹೆಸರು ರೂಢಿಗೆ ಬಂದುಬಿಟ್ಟಿದೆ. ನಿಜವಾಗಿ ಈ ಮಾತ್ರೆಗಳಿಂದ ರಕ್ತವೇನೂ ನೀರಾಗುವುದಿಲ್ಲ, ಅದು ಹೆಪ್ಪುಗಟ್ಟುವ ವೇಗ ಮಾತ್ರ ತಗ್ಗುತ್ತದೆ. ಇಲ್ಲಿ ಚರ್ಚಿಸಿರುವುದು ವಾರ್ಫರಿನ್, ಅದೇ ಜಾತಿಯ ಅಸಿಟ್ರಾಂ, ಹೊಸ ಬಗೆಯ ಡಾಬಿಗಾಟ್ರಾನ್, ರಿವರೋಕ್ಸಬಾನ್, ಅಪಿಕ್ಸಬಾನ್ ಗುಂಪಿನ ಮಾತ್ರೆಗಳನ್ನು. ಆಸ್ಪಿರಿನ್ ಮತ್ತು ಕ್ಲೋಪಿಡೋಗ್ರೆಲ್ ಬೇರೆ ದಾರಿಯಲ್ಲಿ ಕೆಲಸ ಮಾಡುವಂಥವು. ಎರಡೂ ಗುಂಪಿನವನ್ನು ಒಟ್ಟಿಗೆ ತೆಗೆದುಕೊಳ್ಳುವವರಿಗೆ ಕೆಳಗೆ ಹೇಳಿರುವುದೆಲ್ಲ ಇನ್ನೂ ಹೆಚ್ಚು ಅನ್ವಯಿಸುತ್ತದೆ.

ನಮ್ಮ ತಂದೆಯವರಿಗೆ 76 ವರ್ಷ. ಹೃದಯದ ಬಡಿತ ತಾಳ ತಪ್ಪಿದೆಯೆಂದು ಎರಡು ವರ್ಷಗಳಿಂದ ರಿವರೋಕ್ಸಬಾನ್ 20 ಮಿ.ಗ್ರಾಂ. ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಮಳೆ ಹಿಡಿದ ಮೇಲೆ ಮೊಣಕಾಲು ನೋವು ಹೆಚ್ಚಾಗಿ, ಪೇಟೆಯ ಮೆಡಿಕಲ್‌ನಿಂದ ನೋವಿನ ಮಾತ್ರೆ ತಂದು ಹತ್ತು ಹನ್ನೆರಡು ದಿನ ನುಂಗಿದರು. ಒಂದು ಬೆಳಿಗ್ಗೆ ಬಚ್ಚಲಿನಲ್ಲಿ ಕುಸಿದು ಬಿದ್ದರು. ಆಸ್ಪತ್ರೆಯಲ್ಲಿ ಹಿಮೋಗ್ಲೋಬಿನ್ 5.8 ಇದೆ, ಜಠರದ ಹುಣ್ಣಿನಿಂದ ರಕ್ತ ಹೋಗಿದೆ ಎಂದರು. ನಾವು ಒಂದು ತೊಟ್ಟು ರಕ್ತವನ್ನೂ ಕಂಡಿರಲಿಲ್ಲ. ಈಗ ಎರಡು ವಾರದ ಬಳಿಕ ಮತ್ತೆ ಅದೇ ಜಾತಿಯ ಮಾತ್ರೆ ಶುರು ಮಾಡಬೇಕು ಎನ್ನುತ್ತಿದ್ದಾರೆ. ಮನೆಯಲ್ಲಿ ಯಾರಿಗೂ ಮನಸ್ಸಿಲ್ಲ. ಏನು ಮಾಡೋಣ?
— ಓದುಗರೊಬ್ಬರು, ಕಾರ್ಕಳ

ರಕ್ತ ಕಾಣಿಸಲಿಲ್ಲ ಎಂದು ಬರೆದಿದ್ದೀರಿ. ಬಹುಶಃ ಅದು ಕಾಣಿಸಿದೆ, ಆದರೆ ಕೆಂಪಗೆ ಅಲ್ಲ. ಜಠರದಲ್ಲಿ ಸೋರಿದ ರಕ್ತ ಅಲ್ಲಿಯ ಆಮ್ಲದೊಂದಿಗೆ ಬೆರೆತು, ಕರುಳಿನುದ್ದಕ್ಕೂ ಸಾಗಿ ಹೊರಬರುವ ಹೊತ್ತಿಗೆ ಕಪ್ಪಾಗಿರುತ್ತದೆ. ಐವತ್ತರಿಂದ ನೂರು ಮಿ.ಲೀ. ರಕ್ತ ಸೋರಿದರೂ ಸಾಕು, ಮಲ ರಸ್ತೆಗೆ ಹಾಕುವ ಡಾಮರಿನಂತೆ ಕಪ್ಪಗೆ, ಅಂಟಂಟಾಗಿ, ಹಿಂದೆಂದೂ ಇಲ್ಲದ ದುರ್ವಾಸನೆಯಿಂದ ಕೂಡಿರುತ್ತದೆ. ಒಂದು ಬಕೆಟ್ ನೀರು ಸುರಿದರೂ ಸುಲಭವಾಗಿ ಹೋಗುವುದಿಲ್ಲ. ಕಬ್ಬಿಣಾಂಶದ ಮಾತ್ರೆ ತಿನ್ನುವವರ ಮಲವೂ ಕಪ್ಪಾಗುತ್ತದೆ, ಆದರೆ ಅದು ಹಸಿರು ಬೆರೆತ ಕಪ್ಪು, ಗಟ್ಟಿಯಾಗಿರುತ್ತದೆ, ಆ ವಾಸನೆ ಇರುವುದಿಲ್ಲ. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಶೌಚಾಲಯ ಹಿತ್ತಿಲಿನಲ್ಲಿರುತ್ತದೆ, ಒಳಗೆ ಮಂದ ಬೆಳಕಿನ ಒಂದು ಬಲ್ಬು. ಕನ್ನಡಕ ತೆಗೆದಿಟ್ಟು ಹೋಗುವ ಎಪ್ಪತ್ತಾರರ ಹಿರಿಯರಿಗೆ ಬಣ್ಣ ಕಾಣುವುದಾದರೂ ಹೇಗೆ, ಕಂಡರೂ ಮಗಳ ಹತ್ತಿರವೋ ಸೊಸೆಯ ಹತ್ತಿರವೋ ಹೇಳುವುದಾದರೂ ಹೇಗೆ? ಆದ್ದರಿಂದ ಈ ಮಾತ್ರೆ ತೆಗೆದುಕೊಳ್ಳುವ ಹಿರಿಯರಿರುವ ಮನೆಯಲ್ಲಿ ಯಾರಾದರೊಬ್ಬರು ಸಂಕೋಚ ಬಿಟ್ಟು ಆಗಾಗ ಈ ಪ್ರಶ್ನೆ ಕೇಳಲೇಬೇಕು. ಬಚ್ಚಲಿನಲ್ಲಿ ಕುಸಿಯುವುದಕ್ಕೆ ಮೂರು ನಾಲ್ಕು ದಿನ ಮೊದಲೇ ಅವರು ಮೆಟ್ಟಿಲು ಹತ್ತುವಾಗ ನಿಂತು ಉಸಿರು ತೆಗೆದುಕೊಂಡಿರಬಹುದು, ಎದ್ದು ನಿಂತಾಗ ಕಣ್ಣು ಕತ್ತಲೆ ಬಂದಿರಬಹುದು. ಅದನ್ನು ಎಲ್ಲರೂ ಪ್ರಾಯದ ಲೆಕ್ಕಕ್ಕೆ ಹಾಕಿರುತ್ತಾರೆ.

ಇನ್ನೊಂದು ಸೂಕ್ಷ್ಮವಿದೆ. ರಕ್ತ ಹೋದಾಗ ನಾಡಿ ವೇಗವಾಗಿ ಬಡಿಯುವುದು ದೇಹದ ಸಹಜ ಎಚ್ಚರಿಕೆ. ಆದರೆ ತಾಳ ತಪ್ಪಿದ ಹೃದಯಕ್ಕೆ ಸಾಮಾನ್ಯವಾಗಿ ಮೆಟೊಪ್ರೊಲಾಲ್‌ನಂತಹ, ಬಡಿತ ನಿಧಾನಗೊಳಿಸುವ ಮಾತ್ರೆಯನ್ನೂ ಕೊಟ್ಟಿರುತ್ತಾರೆ. ಅಂಥವರಲ್ಲಿ ರಕ್ತ ಇಳಿಯುತ್ತಿದ್ದರೂ ನಾಡಿ ಎಪ್ಪತ್ತು ಎಂಬತ್ತರಲ್ಲೇ ನಿಂತಿರುವುದುಂಟು. ನಾಡಿ ನೋಡಿ ‘ಏನೂ ತೊಂದರೆಯಿಲ್ಲ’ ಎಂದು ಕಳಿಸಿಬಿಡುವ ಅಪಾಯವೂ ಉಂಟು.

ಈಗ ನೋವಿನ ಮಾತ್ರೆಯ ವಿಚಾರಕ್ಕೆ ಬರೋಣ, ಏಕೆಂದರೆ ನನ್ನ ದೃಷ್ಟಿಯಲ್ಲಿ ಈ ಘಟನೆಯ ಮುಖ್ಯ ಆರೋಪಿ ಅದೇ. ಡೈಕ್ಲೊಫೆನಾಕ್, ಅಸೆಕ್ಲೊಫೆನಾಕ್, ಐಬುಪ್ರೊಫೇನ್, ನ್ಯಾಪ್ರೊಕ್ಸೆನ್ ಮುಂತಾದವು ಜಠರದ ಒಳಪದರವನ್ನು ಕಾಯುವ ಲೋಳೆಯನ್ನು ತೆಳುವಾಗಿಸುತ್ತವೆ, ಗಾಯಕ್ಕೆ ಮೊದಲು ಬಂದು ಅಂಟಿಕೊಳ್ಳಬೇಕಾದ ಪ್ಲೇಟ್‌ಲೆಟ್‌ಗಳನ್ನು ಮಂಕುಗೊಳಿಸುತ್ತವೆ, ಮೂತ್ರಪಿಂಡಗಳ ಕೆಲಸವನ್ನೂ ತಗ್ಗಿಸುತ್ತವೆ. ಅಂದರೆ ಹುಣ್ಣು ಮಾಡುವುದೂ ಅದೇ, ಹುಣ್ಣಿನ ಬಾಯಿ ಮುಚ್ಚದಂತೆ ನೋಡಿಕೊಳ್ಳುವುದೂ ಅದೇ, ರಿವರೋಕ್ಸಬಾನ್ ಮೈಯಿಂದ ಹೊರಹೋಗದೆ ಉಳಿಯುವಂತೆ ಮಾಡುವುದೂ ಅದೇ. ಅಂಗಡಿಯಲ್ಲಿ ಸಿಗುವ ಹಲವು ಜೋಡಿ ಮಾತ್ರೆಗಳಲ್ಲಿ ಪ್ಯಾರಾಸಿಟಮಾಲ್ ಜೊತೆ ಅಸೆಕ್ಲೊಫೆನಾಕ್ ಬೆರೆತಿರುತ್ತದೆ. ‘ಬರೀ ಜ್ವರದ ಮಾತ್ರೆ’ ಎಂದು ನಂಬಿ ತಿಂದವರನ್ನು ನಾನು ಬಹಳ ನೋಡಿದ್ದೇನೆ. ಮೊಣಕಾಲು ನೋವಿಗೆ ಮಿತ ಪ್ರಮಾಣದ ಪ್ಯಾರಾಸಿಟಮಾಲ್, ಬಿಸಿ ಶಾಖ, ತೊಡೆಯ ಸ್ನಾಯುಗಳಿಗೆ ವ್ಯಾಯಾಮ, ಇಷ್ಟರಲ್ಲೇ ದಾರಿ ಹುಡುಕಬೇಕು.

ಮಾತ್ರೆ ಮತ್ತೆ ಶುರು ಮಾಡಬೇಕೇ ಎಂಬ ಪ್ರಶ್ನೆಗೆ ನನ್ನ ಉತ್ತರ, ನಿಮ್ಮ ವೈದ್ಯರು ಹೇಳಿದ್ದು ಸರಿ ಎಂದೇ. ತಾಳ ತಪ್ಪಿದ ಹೃದಯದ ಎಡ ಮೇಲ್ಕೋಣೆಯಲ್ಲಿ ಒಂದು ಸಣ್ಣ ಚೀಲದಂತಹ ಮೂಲೆಯಿದೆ. ರಕ್ತ ಅಲ್ಲಿ ನಿಂತು ಹೆಪ್ಪುಗಟ್ಟಿ, ಆ ತುಣುಕು ಮಿದುಳಿಗೆ ಹೋದರೆ ಪಾರ್ಶ್ವವಾಯು. ಈ ತೊಂದರೆ ಇರುವವರಿಗೆ ಪಾರ್ಶ್ವವಾಯುವಿನ ಸಾಧ್ಯತೆ ಇಲ್ಲದವರಿಗಿಂತ ಸುಮಾರು ಐದು ಪಟ್ಟು; ಮಾತ್ರೆ ಅದನ್ನು ಮೂರರಲ್ಲಿ ಎರಡು ಪಾಲಿನಷ್ಟು ಇಳಿಸುತ್ತದೆ. ಜಠರದಿಂದ ಹೋದ ರಕ್ತವನ್ನು ಬಾಟಲಿಯಲ್ಲಿ ಹಿಂದಿರುಗಿಸಬಹುದು. ಸತ್ತ ಮಿದುಳಿನ ಭಾಗವನ್ನು ಹಿಂದಿರುಗಿಸುವ ಉಪಾಯ ಯಾರ ಬಳಿಯೂ ಇಲ್ಲ. ಎಂಡೋಸ್ಕೋಪಿಯಲ್ಲಿ ಹುಣ್ಣು ಮಾಯುವ ದಾರಿಯಲ್ಲಿದ್ದು, ರಕ್ತ ನಿಂತಿದ್ದರೆ, ಒಂದೆರಡು ವಾರಗಳಲ್ಲಿ ಮಾತ್ರೆಗೆ ಮರಳುವುದು ರೂಢಿ.

ಮರಳುವ ಮೊದಲು ಮೂರು ಸಂಗತಿಗಳನ್ನು ಕೇಳಿ ತಿಳಿದುಕೊಳ್ಳಿ. ಹೆಲಿಕೋಬ್ಯಾಕ್ಟರ್ ಎಂಬ ಜಠರದ ರೋಗಾಣುವಿಗೆ ಪರೀಕ್ಷೆ ಆಗಿದೆಯೇ? ಜಠರ ಕಾಯುವ ಪ್ಯಾಂಟೊಪ್ರಜೋಲ್ ಎಷ್ಟು ಕಾಲ ಮುಂದುವರಿಯಬೇಕು? ಈ ಪ್ರಾಯಕ್ಕೆ, ಈ ತೂಕಕ್ಕೆ, ಈ ಕ್ರಿಯಾಟಿನಿನ್‌ಗೆ (ಮೂತ್ರಪಿಂಡದ ಕೆಲಸ ತಿಳಿಸುವ ರಕ್ತಪರೀಕ್ಷೆ) 20 ಮಿ.ಗ್ರಾಂ. ಸರಿಯಾದ ಪ್ರಮಾಣವೇ, ಅಥವಾ 15ಕ್ಕೆ ಇಳಿಸಬೇಕೇ? ರಿವರೋಕ್ಸಬಾನ್ ಬದಲು ಅಪಿಕ್ಸಬಾನ್ ಆಗಬಹುದೇ ಎಂದೂ ಕೇಳಿ. 2011ರಲ್ಲಿ ಪ್ರಕಟವಾದ, 18,201 ರೋಗಿಗಳ ಅಧ್ಯಯನದಲ್ಲಿ ವರ್ಷಕ್ಕೆ ನೂರು ಮಂದಿಯಲ್ಲಿ ದೊಡ್ಡ ರಕ್ತಸ್ರಾವ ಆದದ್ದು ವಾರ್ಫರಿನ್ ತೆಗೆದುಕೊಂಡವರಲ್ಲಿ 3.09, ಅಪಿಕ್ಸಬಾನ್ ತೆಗೆದುಕೊಂಡವರಲ್ಲಿ 2.13. ಜಠರದ ಮಟ್ಟಿಗೆ ಅದು ಸೌಮ್ಯ ಎಂಬುದು ನನ್ನ ಅನುಭವವೂ ಹೌದು.

ನಮ್ಮ ಅತ್ತೆಗೆ 72 ವರ್ಷ. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದಕ್ಕಾಗಿ ವಾರ್ಫರಿನ್ ತೆಗೆದುಕೊಳ್ಳುತ್ತಿದ್ದರು. ಆಷಾಢದಲ್ಲಿ ಅಂಗಳದ ಪಾಚಿಯ ಮೇಲೆ ಜಾರಿ, ಮುರಕಲ್ಲಿನ ಮೆಟ್ಟಿಲಿಗೆ ತಲೆ ಬಡಿಯಿತು. ಬಾವು ಎರಡು ದಿನದಲ್ಲಿ ಇಳಿಯಿತು. ಐದು ವಾರ ಕಳೆದ ಮೇಲೆ ಮಾತು ತಡವರಿಸಲು ಶುರುವಾಯಿತು, ಹೊತ್ತುಗೊತ್ತು ಮರೆಯತೊಡಗಿದರು. ನಾವು ಅರಳು ಮರಳು ಎಂದುಕೊಂಡೆವು. ಕೊನೆಗೆ ಸ್ಕ್ಯಾನ್‌ನಲ್ಲಿ ತಲೆಯೊಳಗೆ ರಕ್ತ ನಿಂತಿದೆ ಎಂದು ತಿಳಿದು ಶಸ್ತ್ರಚಿಕಿತ್ಸೆ ಆಯಿತು. ಬಿದ್ದ ದಿನವೇ ಸ್ಕ್ಯಾನ್ ಮಾಡಿಸಿದ್ದರೆ ಗೊತ್ತಾಗುತ್ತಿತ್ತೇ?
— ಓದುಗರೊಬ್ಬರು, ಮಂಗಳೂರು

ಗೊತ್ತಾಗದೆಯೂ ಇರಬಹುದಿತ್ತು, ಇದನ್ನು ನಿಮ್ಮ ಸಮಾಧಾನಕ್ಕಾಗಿ ಹೇಳುತ್ತಿಲ್ಲ. ಪ್ರಾಯವಾದಂತೆ ಮಿದುಳು ಸ್ವಲ್ಪ ಕುಗ್ಗುತ್ತದೆ. ಅದಕ್ಕೂ ತಲೆಬುರುಡೆಗೂ ನಡುವೆ ಎಳೆದು ಕಟ್ಟಿದ ದಾರದಂತೆ ಹಾದುಹೋಗುವ ಸಣ್ಣ ಅಭಿಧಮನಿಗಳು ಒಂದು ಪೆಟ್ಟಿಗೆ ಹರಿಯುತ್ತವೆ. ಅಲ್ಲಿ ಒಸರುವ ರಕ್ತ ದಿನಗಟ್ಟಲೆ, ವಾರಗಟ್ಟಲೆ ಶೇಖರವಾಗಿ, ಜಾಗ ಸಾಲದಾದಾಗ ಮಿದುಳನ್ನು ಒತ್ತುತ್ತದೆ. ಬಿದ್ದ ದಿನದ ಚಿತ್ರ ಸ್ವಚ್ಛವಾಗಿ ಕಂಡು, ಐದನೆಯ ವಾರದ ಚಿತ್ರದಲ್ಲಿ ಒಂದು ದಪ್ಪ ಪದರ ಕಾಣುವುದು ಹೊಸತೇನಲ್ಲ. ಆದರೂ ಆ ದಿನ ಆಸ್ಪತ್ರೆಗೆ ಹೋಗಿದ್ದರೆ ಐಎನ್‌ಆರ್, ಅಂದರೆ ವಾರ್ಫರಿನ್‌ನಿಂದ ರಕ್ತ ಹೆಪ್ಪುಗಟ್ಟುವುದು ಎಷ್ಟು ನಿಧಾನವಾಗಿದೆ ಎಂದು ತೋರಿಸುವ ಅಂಕಿ, ಎಷ್ಟಿದೆ ಎಂದು ನೋಡುತ್ತಿದ್ದರು, ಹೆಚ್ಚಿದ್ದರೆ ಇಳಿಸುತ್ತಿದ್ದರು, ಮುಂದಿನ ಎರಡು ತಿಂಗಳು ಏನನ್ನು ಗಮನಿಸಬೇಕು ಎಂದು ನಿಮಗೆ ಹೇಳುತ್ತಿದ್ದರು. ಈ ಮಾತ್ರೆ ತೆಗೆದುಕೊಳ್ಳುವವರ ತಲೆಗೆ ಪೆಟ್ಟಾದರೆ, ಬಾವು ಬಂದಿರಲಿ ಬಿಡಲಿ, ಪ್ರಜ್ಞೆ ತಪ್ಪಿರಲಿ ಬಿಡಲಿ, ಅಂದೇ ಸಿ.ಟಿ. ಸ್ಕ್ಯಾನ್ ಆಗಬೇಕು ಎಂಬ ನನ್ನ ಅಭಿಪ್ರಾಯ ಅದಕ್ಕಾಗಿಯೇ.

ಪತ್ರದ ಕೊನೆಯಲ್ಲಿ ನೀವು ಬರೆದ ಒಂದು ಸಾಲು ನನ್ನನ್ನು ತಡೆದು ನಿಲ್ಲಿಸಿತು: ‘ಆ ದಿನಗಳಲ್ಲಿ ಅವರ ಎಡಗಾಲಿನ ಹವಾಯಿ ಚಪ್ಪಲಿ ಮಾತ್ರ ಆಗಾಗ ಕಳಚಿ ಬೀಳುತ್ತಿತ್ತು, ಚಪ್ಪಲಿ ಸಡಿಲವಾಗಿದೆ ಎಂದು ಹೊಸತು ತಂದುಕೊಟ್ಟೆವು.’ ಅರಳು ಮರಳು ಒಂದೇ ಕಾಲಿಗೆ ಬರುವುದಿಲ್ಲ. ಮುಪ್ಪಿನ ಮರೆವು ವರ್ಷಗಳ ಅವಧಿಯಲ್ಲಿ ನಿಧಾನವಾಗಿ ಆವರಿಸುತ್ತದೆ; ಮೊನ್ನೆ ಯುಗಾದಿಗೆ ಲೆಕ್ಕ ಸರಿಯಾಗಿ ಹೇಳುತ್ತಿದ್ದವರು ನಾಗರಪಂಚಮಿಯ ಹೊತ್ತಿಗೆ ಮೊಮ್ಮಗನ ಹೆಸರು ತಪ್ಪಿದರೆ, ಅದರ ಜೊತೆ ಒಂದು ಬದಿಯ ಕೈ ಅಥವಾ ಕಾಲು ಸೋತರೆ, ಬೆಳಗಿನ ಜಾವ ಹೆಚ್ಚಾಗುವ ತಲೆನೋವು ಅಥವಾ ಹಗಲೆಲ್ಲ ತೂಕಡಿಕೆ ಇದ್ದರೆ, ತಲೆಯೊಳಗೆ ರಕ್ತವಿದೆ ಎಂದೇ ಭಾವಿಸಿ ಹೊರಡಬೇಕು. ಬುರುಡೆಯಲ್ಲಿ ಒಂದೆರಡು ಸಣ್ಣ ರಂಧ್ರ ಕೊರೆದು ಆ ರಕ್ತವನ್ನು ಹೊರತೆಗೆಯಬಹುದು, ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ.

ಇದು ನಿಧಾನದ ಬಗೆ. ಮಿದುಳಿನ ಒಳಗೇ ಆಗುವ ರಕ್ತಸ್ರಾವಕ್ಕೆ ಗಂಟೆಗಳ ಲೆಕ್ಕ. ಹಠಾತ್ ತಲೆನೋವು, ವಾಂತಿ, ಬಾಯಿ ಸೊಟ್ಟಗಾಗುವುದು, ಕೈ ಬೀಳುವುದು ಕಂಡ ಕ್ಷಣ 108ಕ್ಕೆ ಕರೆ ಮಾಡಿ, ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೇ ನೇರ ಹೋಗಬೇಕು. ಕ್ಯಾಶುವಾಲ್ಟಿಯಲ್ಲಿ ಮೊದಲು ಕೇಳುವ ಪ್ರಶ್ನೆ, ಯಾವ ಮಾತ್ರೆ, ಕೊನೆಯ ಮಾತ್ರೆ ಎಷ್ಟು ಗಂಟೆಗೆ ನುಂಗಿದ್ದು ಎಂಬುದೇ. ವಾರ್ಫರಿನ್ ಎಂದು ತಿಳಿದರೆ, ಅದು ತಡೆಹಿಡಿಯುವ, ರಕ್ತ ಹೆಪ್ಪುಗಟ್ಟಲು ಬೇಕಾದ ಕೆ ಜೀವಸತ್ವವನ್ನು ರಕ್ತನಾಳಕ್ಕೆ ಕೊಡುತ್ತಾರೆ. ಆದರೆ ಅದು ಯಕೃತ್ತಿನಲ್ಲಿ ಹೆಪ್ಪುಗಟ್ಟಿಸುವ ಹೊಸ ಅಂಶಗಳು ತಯಾರಾದ ಮೇಲೆ ಫಲ ಕೊಡುವಂಥದ್ದು, ಆರರಿಂದ ಹನ್ನೆರಡು ಗಂಟೆ ಬೇಕು. ಅಷ್ಟು ಕಾಯುವಂತಿಲ್ಲವಾದ್ದರಿಂದ ಹೆಪ್ಪುಗಟ್ಟಿಸುವ ಅಂಶಗಳನ್ನೇ ಸಾಂದ್ರಗೊಳಿಸಿ ತಯಾರಿಸಿದ, ಪಿ.ಸಿ.ಸಿ. ಎಂದು ಕರೆಯುವ ಚುಚ್ಚುಮದ್ದನ್ನು ಜೊತೆಗೆ ಕೊಡುತ್ತಾರೆ. ಅದು ನಿಮಿಷಗಳಲ್ಲಿ ಕೆಲಸ ಮಾಡುತ್ತದೆ, ಬೆಲೆ ಮಾತ್ರ ಹೆಚ್ಚು. ಅದು ಸಿಗದ ಕಡೆ ಶೈತ್ಯದಲ್ಲಿಟ್ಟ ಪ್ಲಾಸ್ಮಾ, ಅಂದರೆ ರಕ್ತದ ದ್ರವಭಾಗ, ಕೊಡುತ್ತಾರೆ, ಆದರೆ ಅದನ್ನು ಕರಗಿಸಿ ಬಾಟಲಿಗಟ್ಟಲೆ ಹರಿಸಬೇಕು, ದುರ್ಬಲ ಹೃದಯಕ್ಕೆ ಆ ನೀರೇ ಭಾರ. ಅಂಗಿಯ ಜೇಬಿನಲ್ಲಿ ಅಥವಾ ಪರ್ಸಿನಲ್ಲಿ ಮಾತ್ರೆಯ ಹೆಸರು ಬರೆದ ಚೀಟಿಯೊಂದನ್ನು ಇಟ್ಟುಕೊಳ್ಳಿ ಎಂದು ನಾನು ಹೇಳುವುದು ಈ ಕಾರಣಕ್ಕೆ.

ಅಮೆರಿಕದಲ್ಲಿ ರಕ್ತ ತೆಳುಗೊಳಿಸುವ ಹೊಸ ಮಾತ್ರೆಗಳ ವಿರುದ್ಧ ಸಾವಿರಾರು ಮೊಕದ್ದಮೆಗಳಾಗಿ ಕಂಪನಿಗಳು ಪರಿಹಾರ ಕೊಟ್ಟಿವೆ ಎಂದು ಓದಿದೆ. ಅಂಥ ಮಾತ್ರೆಯನ್ನೇ ನನ್ನ ಚಿಕ್ಕಪ್ಪನಿಗೆ ಇಲ್ಲಿ ಬರೆದುಕೊಡುತ್ತಿದ್ದಾರೆ. ಹಳೆಯ ವಾರ್ಫರಿನ್ ಇಲಿಪಾಷಾಣ ಎಂದೂ ಕೇಳಿದ್ದೇನೆ. ಎರಡರಲ್ಲಿ ಯಾವುದನ್ನು ನಂಬುವುದು?
— ವಿದ್ಯಾರ್ಥಿ, ಮಣಿಪಾಲ

ಎರಡೂ ನಿಜ, ಎರಡೂ ಪೂರ್ತಿ ನಿಜವಲ್ಲ. 1920ರ ದಶಕದಲ್ಲಿ ಉತ್ತರ ಅಮೆರಿಕದ ಹಟ್ಟಿಗಳಲ್ಲಿ ದನಗಳು ಒಳಗೊಳಗೇ ರಕ್ತ ಸೋರಿ ಸಾಯತೊಡಗಿದವು. ಸ್ವೀಟ್ ಕ್ಲೋವರ್ ಎಂಬ ಮೇವಿಗೆ ಮಳೆಯ ತೇವದಿಂದ ಬೂಸ್ಟು ಹಿಡಿದಿತ್ತು. ನಮ್ಮಲ್ಲಿ ಬೈಹುಲ್ಲು ನೆನೆದರೆ ದನಕ್ಕೆ ಹಾಕಬೇಡಿ ಎನ್ನುವ ಹಿರಿಯರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. 1933ರ ಚಳಿಗಾಲದಲ್ಲಿ ರೈತನೊಬ್ಬ ಸತ್ತ ಕಡಸನ್ನೂ, ಹಾಲಿನ ಕ್ಯಾನಿನಲ್ಲಿ ಹೆಪ್ಪುಗಟ್ಟದ ರಕ್ತವನ್ನೂ ತೆಗೆದುಕೊಂಡು ಹಿಮಗಾಳಿಯ ನಡುವೆ ವಿಸ್ಕಾನ್ಸಿನ್ ವಿಶ್ವವಿದ್ಯಾಲಯಕ್ಕೆ ಬಂದ. ಅಲ್ಲಿಯ ರಸಾಯನ ವಿಜ್ಞಾನಿ ಕಾರ್ಲ್ ಪಾಲ್ ಲಿಂಕ್ ಮತ್ತು ಸಂಗಡಿಗರು ಆ ಮೇವಿನ ವಿಷವನ್ನು ಬೇರ್ಪಡಿಸಿದರು. ಅದರ ಸೋದರ ರಾಸಾಯನಿಕವೇ ವಾರ್ಫರಿನ್. ಸಂಶೋಧನೆಗೆ ಹಣ ಕೊಟ್ಟ ವಿಸ್ಕಾನ್ಸಿನ್ ಅಲುಮ್ನೈ ರಿಸರ್ಚ್ ಫೌಂಡೇಶನ್ನಿನ ಮೊದಲಕ್ಷರಗಳಿಂದ ಆ ಹೆಸರು ಬಂತು. 1948ರಲ್ಲಿ ಅದು ಇಲಿಗಳಿಗೆ ಬಂದದ್ದು, 1954ರಲ್ಲಿ ಮನುಷ್ಯರಿಗೆ. ಮರುವರ್ಷ ಹೃದಯಾಘಾತವಾದ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೂ ಅದನ್ನು ಕೊಟ್ಟರು. ಮದ್ದು ಯಾವುದು, ವಿಷ ಯಾವುದು ಎಂಬುದನ್ನು ಇಲ್ಲಿ ನಿರ್ಧರಿಸುವುದು ಅಳತೆ. ಐಎನ್‌ಆರ್ ಪರೀಕ್ಷೆ ಇರುವುದೇ ಆ ಅಳತೆಗಾಗಿ.

ಮೊಕದ್ದಮೆಗಳ ವಿಚಾರ ಹೀಗಿದೆ. ಡಾಬಿಗಾಟ್ರಾನ್ ಅಮೆರಿಕದಲ್ಲಿ 2010ರಲ್ಲಿ ಮಾರುಕಟ್ಟೆಗೆ ಬಂದಾಗ ‘ಪದೇ ಪದೇ ರಕ್ತಪರೀಕ್ಷೆ ಬೇಡ’ ಎಂಬುದು ಅದರ ದೊಡ್ಡ ಆಕರ್ಷಣೆಯಾಗಿತ್ತು. ರಕ್ತಸ್ರಾವವಾದರೆ ಅದರ ಪ್ರಭಾವ ಇಳಿಸಲು ವಾರ್ಫರಿನ್‌ಗಿದ್ದಂತೆ ನಿರ್ದಿಷ್ಟ ಪ್ರತಿಮದ್ದು ಆಗ ಇರಲಿಲ್ಲ. ಈ ಅಪಾಯವನ್ನು ಸಾಕಷ್ಟು ಎಚ್ಚರಿಸಲಿಲ್ಲ ಎಂಬುದು ದಾವೆ ಹೂಡಿದವರ ಮುಖ್ಯ ದೂರು. 2014ರಲ್ಲಿ ತಯಾರಕರಾದ ಬೋಹ್ರಿಂಗರ್ ಇಂಗೆಲ್‌ಹೈಮ್ ಸುಮಾರು 4,000 ದಾವೆಗಳನ್ನು 65 ಕೋಟಿ ಡಾಲರಿಗೆ ಇತ್ಯರ್ಥ ಮಾಡಿಕೊಂಡಿತು. ರಿವರೋಕ್ಸಬಾನ್‌ನ ಸುಮಾರು 25,000 ದಾವೆಗಳನ್ನು ಬೇಯರ್ ಮತ್ತು ಜಾನ್ಸನ್ ಅಂಡ್ ಜಾನ್ಸನ್ ಕಂಪನಿಗಳು 2019ರಲ್ಲಿ 77.5 ಕೋಟಿ ಡಾಲರಿಗೆ ಇತ್ಯರ್ಥಪಡಿಸಿದವು. ಯಾರೂ ತಪ್ಪೊಪ್ಪಿಕೊಳ್ಳಲಿಲ್ಲ, ಮಾತ್ರೆಗಳು ಮಾರುಕಟ್ಟೆಯಿಂದ ಹೊರಗೂ ಹೋಗಲಿಲ್ಲ. ಡಾಬಿಗಾಟ್ರಾನ್‌ಗೆ ಇಡರುಸಿಜುಮ್ಯಾಬ್ ಎಂಬ ಪ್ರತಿಮದ್ದಿಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 2015ರ ಅಕ್ಟೋಬರಿನಲ್ಲಿ, ಅಂದರೆ ಮಾತ್ರೆ ಬಂದು ಐದು ವರ್ಷಗಳಾದ ಮೇಲೆ. ಮದ್ದಿಗೆ ಮೊದಲು ಪ್ರತಿಮದ್ದು ಬರಬೇಕಿತ್ತು ಎನ್ನುವ ಸಿಟ್ಟು ನನಗೆ ಅರ್ಥವಾಗುತ್ತದೆ.

ಆದರೆ ಚಿಕ್ಕಪ್ಪನವರ ಚೀಟಿಯನ್ನು ಆ ಸಿಟ್ಟಿನಿಂದ ಹರಿಯಬೇಡಿ. 2009ರಲ್ಲಿ ಪ್ರಕಟವಾದ, 18,113 ರೋಗಿಗಳ ಅಧ್ಯಯನದಲ್ಲಿ 150 ಮಿ.ಗ್ರಾಂ. ಡಾಬಿಗಾಟ್ರಾನ್ ದಿನಕ್ಕೆರಡು ಬಾರಿ ತೆಗೆದುಕೊಂಡವರಲ್ಲಿ ತಲೆಬುರುಡೆಯೊಳಗಿನ ರಕ್ತಸ್ರಾವ ವರ್ಷಕ್ಕೆ ನೂರಕ್ಕೆ 0.30, ವಾರ್ಫರಿನ್‌ನವರಲ್ಲಿ 0.74. ಜಠರ ಮತ್ತು ಕರುಳಿನ ರಕ್ತಸ್ರಾವ ಮಾತ್ರ ತಿರುವುಮುರುವು: ಡಾಬಿಗಾಟ್ರಾನ್‌ನಲ್ಲಿ 1.51, ವಾರ್ಫರಿನ್‌ನಲ್ಲಿ 1.02. ನ್ಯಾಯಾಲಯದ ಸುದ್ದಿಯಲ್ಲಿ ಎರಡನೆಯ ಜೋಡಿ ಅಂಕಿ ಮಾತ್ರ ಕಾಣುತ್ತದೆ. ಕಂಪನಿಯ ಜಾಹೀರಾತಿನಲ್ಲಿ ಕಾಣುವುದು ಮೊದಲನೆಯದು. ನಿಮ್ಮ ಚಿಕ್ಕಪ್ಪನಿಗೆ ಮುಖ್ಯವಾದದ್ದು ಅವರ ಮೂತ್ರಪಿಂಡ, ಏಕೆಂದರೆ ಮೈಸೇರಿದ ಡಾಬಿಗಾಟ್ರಾನ್‌ನ ಸುಮಾರು ನೂರಕ್ಕೆ ಎಂಬತ್ತು ಪಾಲು ಹೊರಹೋಗುವುದು ಮೂತ್ರಪಿಂಡದ ಮೂಲಕ. ಐಎನ್‌ಆರ್ ಬೇಡ ಎಂದರೆ ಯಾವ ಪರೀಕ್ಷೆಯೂ ಬೇಡವೆಂದಲ್ಲ. ಕ್ರಿಯಾಟಿನಿನ್ ಮತ್ತು ಹಿಮೋಗ್ಲೋಬಿನ್ ವರ್ಷಕ್ಕೊಮ್ಮೆಯಾದರೂ, ಎಪ್ಪತ್ತೈದು ದಾಟಿದವರಲ್ಲಿ ಆರು ತಿಂಗಳಿಗೊಮ್ಮೆ ಆಗಬೇಕು. ಇನ್ನೊಂದು: ಆ ಕ್ಯಾಪ್ಸೂಲನ್ನು ನುಂಗಲು ಕಷ್ಟವೆಂದು ಬಿಡಿಸಿ ಪುಡಿಯನ್ನು ಗಂಜಿಗೆ ಬೆರೆಸಬಾರದು, ಹಾಗೆ ಮಾಡಿದರೆ ರಕ್ತಕ್ಕೆ ಸೇರುವ ಮದ್ದು ಬಹಳವಾಗಿ ಹೆಚ್ಚುತ್ತದೆ.

ನಾನು ಏಕಾದಶಿ ನಿರಾಹಾರ ಮಾಡುವವನು. ರಾತ್ರಿ ಊಟದ ಜೊತೆ ರಿವರೋಕ್ಸಬಾನ್ ತೆಗೆದುಕೊಳ್ಳಬೇಕು ಎಂದಿದ್ದಾರೆ. ಏಕಾದಶಿಯಂದು ಬಿಟ್ಟು, ದ್ವಾದಶಿ ಪಾರಣೆಯಾದ ಮೇಲೆ ಎರಡು ಮಾತ್ರೆ ಒಟ್ಟಿಗೆ ತೆಗೆದುಕೊಳ್ಳುತ್ತಿದ್ದೇನೆ. ತೊಂದರೆಯಿಲ್ಲವಷ್ಟೆ?
— ನಿವೃತ್ತ ಶಿಕ್ಷಕರು, ಉಡುಪಿ

ತೊಂದರೆಯಿದೆ, ಎರಡೂ ಕಡೆಯಿಂದ. ಈ ಮಾತ್ರೆಯ ಪ್ರಭಾವ ಒಂದು ದಿನಕ್ಕಷ್ಟೇ ಇರುವುದರಿಂದ ಏಕಾದಶಿಯ ರಾತ್ರಿ ನಿಮಗೆ ರಕ್ಷಣೆ ಇರುವುದಿಲ್ಲ. ದ್ವಾದಶಿಯ ಬೆಳಿಗ್ಗೆ, ಹಿಂದಿನ ದಿನ ನೀರನ್ನೂ ಕುಡಿಯದೆ ಬತ್ತಿದ ಮೂತ್ರಪಿಂಡಗಳಿಗೆ ಎರಡು ಪಟ್ಟು ಮದ್ದು ಹೋಗುತ್ತದೆ. ತಪ್ಪಿದ ಮಾತ್ರೆಯನ್ನು ಮರುದಿನ ಜೋಡಿಸಿ ನುಂಗುವ ಪದ್ಧತಿ ಈ ಗುಂಪಿನ ಯಾವ ಮಾತ್ರೆಗೂ ಇಲ್ಲ. ರಿವರೋಕ್ಸಬಾನ್‌ನ 15 ಮತ್ತು 20 ಮಿ.ಗ್ರಾಂ. ಮಾತ್ರೆಗಳು ಖಾಲಿ ಹೊಟ್ಟೆಯಲ್ಲಿ ಪೂರ್ತಿ ಹೀರಲ್ಪಡುವುದಿಲ್ಲವಾದ್ದರಿಂದ ಊಟದೊಡನೆ ಎನ್ನುತ್ತಾರೆ. ಅಪಿಕ್ಸಬಾನ್‌ಗೆ ಆ ಕಟ್ಟುಪಾಡಿಲ್ಲ, ಒಂದು ಗುಟುಕು ನೀರು ಸಾಕು, ಆದರೆ ದಿನಕ್ಕೆ ಎರಡು ಬಾರಿ. ಬದಲಾಯಿಸಬಹುದೇ ಎಂದು ನಿಮ್ಮ ವೈದ್ಯರನ್ನು ಕೇಳಿ. ಔಷಧದಿಂದ ವ್ರತಭಂಗವಿಲ್ಲ ಎಂಬ ಮಾತು ನಮ್ಮ ಹಿರಿಯರ ನಿಯಮಗಳಲ್ಲೇ ಇದೆ. ಅದರ ವಿವರವನ್ನು ಗುರುಗಳಲ್ಲಿ ವಿಚಾರಿಸಿ, ಅಲ್ಲಿ ನನ್ನ ಅಧಿಕಾರವಿಲ್ಲ.

ಎರಡು ಮಾತ್ರೆಯ ಮಾತು ಬಂದದ್ದರಿಂದ ಒಂದು ಸಂಗತಿ ಹೇಳುತ್ತೇನೆ. ಕೊಲ್ಲಿಯಿಂದ ರಜೆಗೆ ಬಂದ ಮಗನೊಬ್ಬ ತಾಯಿಯನ್ನು ನನ್ನ ಬಳಿ ಕರೆತಂದಿದ್ದರು. ತೋಳಿನ ತುಂಬ ನೇರಳೆ ಹಣ್ಣಿನ ಬಣ್ಣದ ಕಲೆಗಳು, ಮೂತ್ರ ಕೋಕಂ ಶರಬತ್ತಿನಂತೆ ಕೆಂಪು. ಮದ್ದು ತಂದಿದ್ದೀರಾ ಎಂದಾಗ ಜವಳಿ ಅಂಗಡಿಯ ಚೀಲವೊಂದನ್ನು ಮೇಜಿನ ಮೇಲೆ ಮಗುಚಿದರು. ಹದಿನಾಲ್ಕು ಪಟ್ಟಿಗಳು. ಅವುಗಳಲ್ಲಿ ರಕ್ತ ತೆಳುಗೊಳಿಸುವ ಮಾತ್ರೆಯೇ ಎರಡು: ಒಂದು ಊರಿನ ಆಸ್ಪತ್ರೆಯಲ್ಲಿ ಬರೆದುಕೊಟ್ಟದ್ದು, ಇನ್ನೊಂದು ಮಗ ಬೇರೆ ಕಡೆ ತೋರಿಸಿದಾಗ ಕೊಟ್ಟದ್ದು. ಒಂದರ ಬಣ್ಣ ಗುಲಾಬಿ, ಇನ್ನೊಂದರದ್ದು ಹಳದಿ, ಮೇಲಿನ ಹೆಸರುಗಳು ಬೇರೆ, ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದ ಔಷಧ ಒಂದೇ. ತಾಯಿ ಎರಡನ್ನೂ ಎರಡು ತಿಂಗಳು ನಿಷ್ಠೆಯಿಂದ ನುಂಗಿದ್ದರು. ಯಾವ ವೈದ್ಯರ ಬಳಿ ಹೋದರೂ ಚೀಟಿಯ ಬದಲು ಇಡೀ ಚೀಲವನ್ನೇ ಒಯ್ಯಿರಿ.

ನನಗೆ 41 ವರ್ಷ. ಹೃದಯದ ಮಿಟ್ರಲ್ ಕವಾಟದ ಜಾಗದಲ್ಲಿ ಲೋಹದ ಕವಾಟ ಹಾಕಿದ್ದಾರೆ, ಅಸಿಟ್ರಾಂ ತೆಗೆದುಕೊಳ್ಳುತ್ತೇನೆ. ಸೊಪ್ಪು ತಿನ್ನಬೇಡಿ ಎಂದಿದ್ದರಿಂದ ಬಸಳೆ, ಹರಿವೆ, ಪತ್ರೊಡೆ ಎಲ್ಲ ಬಿಟ್ಟಿದ್ದೇನೆ. ಆದರೂ ಕಳೆದ ತಿಂಗಳು ಹೊಟ್ಟೆ ಕೆಟ್ಟು ಮದ್ದು ತೆಗೆದುಕೊಂಡ ಮೇಲೆ ಐಎನ್‌ಆರ್ 6.8ಕ್ಕೆ ಏರಿತು. ಹೊಸ ಮಾತ್ರೆಗೆ ಬದಲಾಯಿಸಬಾರದೇ?
— ಓದುಗರೊಬ್ಬರು, ಕುಂದಾಪುರ

ಬದಲಾಯಿಸಬಾರದು. ಲೋಹದ ಕವಾಟದವರಿಗೆ ಡಾಬಿಗಾಟ್ರಾನ್ ಕೊಟ್ಟು ನೋಡಿದ ಅಧ್ಯಯನವನ್ನು, ಕವಾಟದಲ್ಲಿ ಹೆಪ್ಪೂ ಹೊರಗೆ ರಕ್ತಸ್ರಾವವೂ ಎರಡೂ ಹೆಚ್ಚಾದ ಕಾರಣ 2012ರಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯಿತು. ಬಾಲ್ಯದ ಕೀಲುಜ್ವರದಿಂದ ಕವಾಟ ಕೆಟ್ಟು, ಬಡಿತ ತಾಳ ತಪ್ಪಿದವರಲ್ಲಿಯೂ ರಿವರೋಕ್ಸಬಾನ್‌ಗಿಂತ ಹಳೆಯ ಮಾತ್ರೆಗಳೇ ಮೇಲು ಎಂಬುದು 2022ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಕಂಡುಬಂತು. ನಿಮಗೆ ಐಎನ್‌ಆರ್ ಪರೀಕ್ಷೆ ಜೀವನಪೂರ್ತಿಯ ಸಂಗಾತಿ; ಮಿಟ್ರಲ್ ಜಾಗದ ಲೋಹದ ಕವಾಟಕ್ಕೆ ಅದು ಸಾಮಾನ್ಯವಾಗಿ 2.5ರಿಂದ 3.5ರ ನಡುವೆ ಇರಬೇಕು.

6.8ಕ್ಕೆ ಏರಿದ್ದಕ್ಕೆ ಕಾರಣ ನಿಮ್ಮ ಪತ್ರದಲ್ಲೇ ಇದೆ. ಹೊಟ್ಟೆ ಕೆಟ್ಟಾಗ ಕೊಡುವ ಮೆಟ್ರೊನಿಡಜೋಲ್ ಈ ಗುಂಪಿನ ಮಾತ್ರೆಯ ಬಲವನ್ನು ಬಹಳ ಹೆಚ್ಚಿಸುತ್ತದೆ. ಫ್ಲುಕೊನಜೋಲ್, ಕೋಟ್ರೈಮಾಕ್ಸಜೋಲ್ ಕೂಡ ಹಾಗೆಯೇ, ಬಾಯಿಹುಣ್ಣಿಗೆ ಹಚ್ಚುವ ಮೈಕೊನಜೋಲ್ ಜೆಲ್ ಸಹ ಅದೇ ದಾರಿ. ಜೊತೆಗೆ ನೀವು ಆ ದಿನಗಳಲ್ಲಿ ಗಂಜಿಯಲ್ಲೇ ಇದ್ದಿರಿ, ಸೊಪ್ಪನ್ನೂ ಬಿಟ್ಟಿದ್ದೀರಿ, ಅಂದರೆ ಸೊಪ್ಪಿನಿಂದ ಸಿಗುವ, ಈ ಮಾತ್ರೆ ತಡೆಹಿಡಿಯುವ ಕೆ ಜೀವಸತ್ವದ ದಾಸ್ತಾನೇ ದೇಹದಲ್ಲಿ ಇರಲಿಲ್ಲ. ಖಾಲಿ ಕಣಜದಲ್ಲಿ ಒಂದು ಹಿಡಿ ತೆಗೆದರೂ ತಳ ಕಾಣುತ್ತದೆ. ಸೊಪ್ಪು ಬಿಡಿ ಎಂಬ ಸಲಹೆ ಹಳೆಯದು, ನಾನು ಅದನ್ನು ಒಪ್ಪುವುದಿಲ್ಲ. ವಾರಕ್ಕೆ ಎರಡು ದಿನ ಬಸಳೆ ಸಾರು ಎಂದಾದರೆ ಪ್ರತಿ ವಾರವೂ ಎರಡು ದಿನ ತಿನ್ನಿ, ಮಾತ್ರೆಯ ಪ್ರಮಾಣವನ್ನು ವೈದ್ಯರು ಅದಕ್ಕೆ ಹೊಂದಿಸುತ್ತಾರೆ. ಕೆಡುವುದು ಏರುಪೇರಿನಿಂದ: ಆಟಿ ತಿಂಗಳು ಬಂತೆಂದು ವಾರವಿಡೀ ಪತ್ರೊಡೆ, ಆಮೇಲೆ ಎರಡು ತಿಂಗಳು ಏನೂ ಇಲ್ಲ. ಆಟಿ ಅಮಾವಾಸ್ಯೆಯ ಪಾಲೆ ಮರದ ಕೆತ್ತೆಯ ಕಷಾಯದ ಬಗ್ಗೆಯೂ ಕೆಲವರು ಕೇಳಿದ್ದಾರೆ. ಕವಾಟ ಹಾಕಿಸಿಕೊಂಡವರು ಅದನ್ನು ಬಿಡುವುದು ಲೇಸೆಂದು ನನ್ನ ಅಭಿಪ್ರಾಯ, ಅಳತೆಯೇ ಇಲ್ಲದ ಪದಾರ್ಥವನ್ನು ಅಳತೆಯ ಮದ್ದಿನೊಂದಿಗೆ ಬೆರೆಸುವುದು ನನಗೆ ಸರಿಕಾಣುವುದಿಲ್ಲ. ರಕ್ತಸ್ರಾವವಿಲ್ಲದೆ 6.8 ಬಂದರೆ ಸಾಮಾನ್ಯವಾಗಿ ಒಂದೆರಡು ಮಾತ್ರೆ ತಡೆದು ಪರೀಕ್ಷೆ ಪುನಃ ಮಾಡುತ್ತಾರೆ. ಗಾಬರಿಯಿಂದ ನೀವೇ ವಾರಗಟ್ಟಲೆ ನಿಲ್ಲಿಸಿದರೆ ಹೆಪ್ಪುಗಟ್ಟಿದ ರಕ್ತದಿಂದ ಕವಾಟ ಕಚ್ಚಿಕೊಳ್ಳಬಹುದು, ಅದು ಬೇಗನೆ ಜೀವ ತೆಗೆಯಬಲ್ಲದು.

ಅಪ್ಪ ಅಪಿಕ್ಸಬಾನ್ ತೆಗೆದುಕೊಳ್ಳುತ್ತಾರೆ. ಗದ್ದೆ ಕೆಲಸದ ಸಮಯದಲ್ಲಿ ಜ್ವರ ಬಂದರೆ ಹತ್ತಿರದ ಕ್ಲಿನಿಕ್ಕಿನಲ್ಲಿ ಒಂದು ಇಂಜೆಕ್ಷನ್ ಹಾಕಿಸಿಕೊಂಡು ಬರುವುದು ಅವರ ಅಭ್ಯಾಸ. ಅದರಿಂದ ಅಪಾಯವಿದೆಯೇ?
— ಓದುಗರೊಬ್ಬರು, ಬ್ರಹ್ಮಾವರ

ಸೊಂಟದ ಸ್ನಾಯುವಿಗೆ ಹಾಕುವ ಇಂಜೆಕ್ಷನ್ ಬೇಡ. ಅಲ್ಲಿ ರಕ್ತ ಶೇಖರವಾಗಿ ತೆಂಗಿನಕಾಯಿ ಗಾತ್ರದ ಗಡ್ಡೆಯಾದದ್ದನ್ನು ಕಂಡಿದ್ದೇನೆ. ಅದಕ್ಕಿಂತ ದೊಡ್ಡ ಚಿಂತೆ ಜ್ವರದ್ದೇ. ಮಳೆಗಾಲದಲ್ಲಿ ನಮ್ಮ ಜಿಲ್ಲೆಯ ಗದ್ದೆಗಿಳಿದವರಿಗೆ ಬರುವ ಜ್ವರ ಇಲಿಜ್ವರವಾಗಿರಬಹುದು, ಡೆಂಗಿಯೂ ಆಗಿರಬಹುದು. ಮೊದಲನೆಯದು ಮೂತ್ರಪಿಂಡವನ್ನೂ ಯಕೃತ್ತನ್ನೂ ಕೆಡಿಸಿ ಮಾತ್ರೆ ಮೈಯಲ್ಲೇ ಉಳಿಯುವಂತೆ ಮಾಡುತ್ತದೆ, ಎರಡನೆಯದು ಪ್ಲೇಟ್‌ಲೆಟ್‌ಗಳನ್ನು ಇಳಿಸುತ್ತದೆ. ಜ್ವರದ ಮೊದಲ ಅಥವಾ ಎರಡನೆಯ ದಿನವೇ ಪ್ಲೇಟ್‌ಲೆಟ್ ಎಣಿಕೆ ಮತ್ತು ಕ್ರಿಯಾಟಿನಿನ್ ಮಾಡಿಸಿ, ಅಪಿಕ್ಸಬಾನ್ ನುಂಗುತ್ತಿರುವುದನ್ನು ಮರೆಯದೆ ಹೇಳಿ. ಎಣಿಕೆ 50,000ಕ್ಕಿಂತ ಕೆಳಗಿಳಿದರೆ ಸಾಮಾನ್ಯವಾಗಿ ಮಾತ್ರೆಯನ್ನು ತಾತ್ಕಾಲಿಕವಾಗಿ ತಡೆಯುತ್ತಾರೆ ಅಥವಾ ಪ್ರಮಾಣ ಇಳಿಸುತ್ತಾರೆ. ಯಾವ ದಿನ ತಡೆದರು, ಯಾವ ದಿನದಿಂದ ಮತ್ತೆ ಶುರು ಎಂಬುದನ್ನು ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಜ್ವರಕ್ಕೆ ಬರಿಯ ಪ್ಯಾರಾಸಿಟಮಾಲ್ ಸಾಕು, ಪಟ್ಟಿಯ ಹಿಂಬದಿಯಲ್ಲಿ ಬೇರಾವ ಹೆಸರೂ ಇಲ್ಲವೆಂದು ಓದಿ ನೋಡಿ ಕೊಡಿ.